ನದಿ ಮೂಲ, ಋಷಿ ಮೂಲ ಆಯ್ತು, ಈಗ ಹತ್ತಿ ಮೂಲ ಕೇಳುತ್ತಿದ್ದಾರೆ. ಎಲ್ಲಿಂದ ತರಲಿ?

ಗುಂಡಿ_ಕಾಜ
ನಮ್ಮದು ಬೆಂಗಳೂರಿನಲ್ಲಿ 140 ಮಷೀನಿನ ಸಣ್ಣ ಗಾರ್ಮೆಂಟ್ಸ್. ಮುಕ್ಕಾಲು ಭಾಗ ದೊಡ್ಡವರಿಗೆ ಜಾಬ್ ವರ್ಕ್. ಉಳಿದ ಕಾಲು ಭಾಗ ಯುರೋಪಿನ ಒಬ್ಬ ಬಯರಿಗೆ ನೇರವಾಗಿ ಶರ್ಟ್ ಕಳಿಸುತ್ತೇವೆ, ಆರು ವರ್ಷದಿಂದ. ಒಳ್ಳೆಯ ಜನ, ದುಡ್ಡು ಯಾವತ್ತೂ ತಡ ಮಾಡಿಲ್ಲ. ಹೋದ ವಾರ ಅವರಿಂದ ಒಂದು ಎಕ್ಸೆಲ್ ಶೀಟ್ ಬಂತು. 61 ಕಾಲಂ. ಒಂದನೇ ಹಂತ ಅಂದರೆ ನಾವು, ಎರಡನೆಯದು ಬಟ್ಟೆ ನೇಯ್ದವರು ಮತ್ತು ಬಣ್ಣ ಹಾಕಿದವರು, ಮೂರನೆಯದು ನೂಲು ತೆಗೆದವರು, ನಾಲ್ಕನೆಯದು ಜಿನ್ನು (ಹತ್ತಿಯಿಂದ ಕಾಳು ಬಿಡಿಸುವ ಗಿರಣಿ) ಮತ್ತು ಹೊಲ. ಪ್ರತಿ ಹಂತಕ್ಕೂ ಹೆಸರು, ವಿಳಾಸ, ಬಿಲ್ಲು, ಲಾರಿ ರಸೀದಿ. 15 ದಿನ ಟೈಮು.

18,000 ಶರ್ಟಿನ ಆರ್ಡರ್. ಬಟ್ಟೆ ತಂದಿದ್ದು ಈರೋಡಿನ ಒಬ್ಬ ಟ್ರೇಡರ್ ಹತ್ತಿರ. ಫೋನ್ ಮಾಡಿ ಹತ್ತಿ ಎಲ್ಲಿಯದು ಅಂತ ಕೇಳಿದರೆ "ಹೊಲದ್ದು ಸರ್" ಅಂದ.

ಇದನ್ನು ತುಂಬಿದವರು ಯಾರಾದರೂ ಇದ್ದೀರಾ? ತುಂಬದಿದ್ದರೆ ಏನಾಗುತ್ತದೆ? ತುಂಬಿಕೊಡುತ್ತೇನೆ ಅಂತ ಒಬ್ಬ ಕನ್ಸಲ್ಟೆಂಟ್ 85,000 ಕೇಳಿದ್ದಾನೆ.

ಚಿಕ್ಕಪೇಟೆ_ಥಾನು
ಹೊಲದ ಸರ್ವೆ ನಂಬರ್ ಕೇಳಿಲ್ಲ ಅಲ್ವಾ? ಸುಮ್ನೆ ಖುಷಿಪಡಿ.

ಗುಂಡಿ_ಕಾಜ
ಕೇಳಿದ್ದಾರೆ ಸರ್. 47ನೇ ಕಾಲಂ, ಜಿಪಿಎಸ್.

ಆಡಿಟ್_ಅಕ್ಕ
ಕನ್ಸಲ್ಟೆಂಟಿಗೆ ಈಗಲೇ ದುಡ್ಡು ಕೊಡಬೇಡಿ. ನಾನು 11 ವರ್ಷ ಕಂಪ್ಲಯನ್ಸ್ ಕೆಲಸ, ಅಂದರೆ ಫ್ಯಾಕ್ಟರಿಗಳು ನಿಯಮ ಪಾಲಿಸುತ್ತವೆಯಾ ಅಂತ ನೋಡುವ ಕೆಲಸ ಮಾಡಿದವಳು, ಇಂಥ ಶೀಟು ಕನಿಷ್ಠ ನೂರು ನೋಡಿದ್ದೇನೆ.

ಇದು ಎಲ್ಲಿಂದ ಶುರುವಾಯ್ತು ಅಂತ ಮೊದಲು ತಿಳಿದುಕೊಳ್ಳಿ. ಚೀನಾದ ಷಿನ್‌ಜಿಯಾಂಗ್‌ನಲ್ಲಿ ಉಯಿಘರ್ ಜನರಿಂದ ಬಲವಂತವಾಗಿ ದುಡಿಸುತ್ತಾರೆ ಅಂತ ಅಮೆರಿಕ 2021ರಲ್ಲಿ ಒಂದು ಕಾನೂನು ಮಾಡಿತು, 2022ರ ಜೂನ್ 21ರಿಂದ ಜಾರಿ. ಜಗತ್ತಿನ ಹತ್ತಿಯಲ್ಲಿ ಹತ್ತಿರಹತ್ತಿರ ಐದರಲ್ಲಿ ಒಂದು ಪಾಲು ಆ ಒಂದು ಪ್ರಾಂತ್ಯದ್ದೇ. ಈ ಕಾನೂನಿನ ಮಜಾ ಏನೆಂದರೆ, ನಿಮ್ಮ ಮೇಲಿನ ಆರೋಪವನ್ನು ಅವರು ಸಾಬೀತು ಮಾಡಬೇಕಾಗಿಲ್ಲ. ಮಾಲಿನಲ್ಲಿ ಅಲ್ಲಿಯ ಒಂದೆಳೆ ನೂಲಿದ್ದರೂ ಅದು ಬಲವಂತದ ದುಡಿಮೆಯದು ಅಂತಲೇ ಲೆಕ್ಕ, ಅಲ್ಲ ಅಂತ ತೋರಿಸುವ ಹೊಣೆ ತರಿಸಿಕೊಂಡವನದು. ಬಂದರಿನಲ್ಲಿ ಕಂಟೇನರ್ ಹಿಡಿದರೆ ಅರಳೆಯಿಂದ ಅಂಗಿಯವರೆಗೆ ಎಲ್ಲ ಕಾಗದ ಕೊಡಬೇಕು. ಆವತ್ತಿನಿಂದ ಎಲ್ಲ ಬಯರೂ ಈ ಶೀಟು ಹಂಚುತ್ತಿದ್ದಾರೆ.

ಗುಂಡಿ_ಕಾಜ
ಅಕ್ಕಾ, ನಮ್ಮ ಮಾಲು ಅಮೆರಿಕಕ್ಕೆ ಹೋಗುವುದೇ ಇಲ್ಲ. ಚೀನಾದಿಂದ ನಾನು ತರುವುದು ಪಿನ್ನು, ಕಾಲರ್ ಪ್ಲಾಸ್ಟಿಕ್ಕು ಅಷ್ಟೇ.

ಡ್ಯುಸೆಲ್ಡಾರ್ಫ್_ಗೌಡ
ಇಲ್ಲಿ ಸೋರ್ಸಿಂಗ್ ಆಫೀಸಿನಲ್ಲಿ ಕೂತು ಅದೇ ಶೀಟು ಕಳಿಸುವವರಲ್ಲಿ ನಾನೂ ಒಬ್ಬ, ಬೈಯಬೇಡಿ.

ಜರ್ಮನಿಯಲ್ಲಿ 2023ರಿಂದ ಪೂರೈಕೆ ಸರಪಳಿ ಕಾನೂನು ಇದೆ. ಮೊದಲು 3,000 ನೌಕರರಿಗಿಂತ ದೊಡ್ಡ ಕಂಪನಿಗೆ, 2024ರಿಂದ 1,000ಕ್ಕೆ. ನಿಮ್ಮ ಬಯರ್ ಸಣ್ಣವರಿರಬಹುದು, ಆದರೆ ಅವರ ಶರ್ಟು ಮಾರುವ ಅಂಗಡಿಯ ಚೈನು ದೊಡ್ಡದು. ಅದು ಅವರನ್ನು ಕೇಳುತ್ತದೆ, ಅವರು ನಿಮ್ಮನ್ನು. ಬಲವಂತದ ದುಡಿಮೆಯ ಮಾಲಿಗೆ ಯುರೋಪಿನದೇ ನಿಷೇಧ 2027ರ ಡಿಸೆಂಬರ್‌ನಿಂದ ಜಾರಿ. ಬಟ್ಟೆಗೆ ಡಿಜಿಟಲ್ ಪಾಸ್‌ಪೋರ್ಟ್ (ಮಾಲಿನ ವಿವರವೆಲ್ಲ ಇರುವ ಆನ್‌ಲೈನ್ ದಾಖಲೆ) ಕೂಡ ಬರಲಿದೆ, ಅದಕ್ಕೆ ದಾರಿ ಮಾಡುವ ಕಾನೂನು 2024ರ ಜುಲೈನಲ್ಲೇ ಜಾರಿಗೆ ಬಂತು. ಇದರ ಜೊತೆ, ದೊಡ್ಡ ಕಂಪನಿಗಳು ತಮ್ಮ ಪೂರೈಕೆ ಸರಪಳಿಗೆ ಹೊಣೆ ಹೊರಬೇಕು ಅಂತ ಯುರೋಪಿನವರು ಇನ್ನೊಂದು ದೊಡ್ಡ ಕಾನೂನು ಮಾಡಿ, ಆಮೇಲೆ ಕಂಪನಿಗಳ ಗಲಾಟೆಗೆ ಅದನ್ನು ಮುಂದೂಡಿ, ಕತ್ತರಿಸಿ, ಈಗ ಅದು ಅರ್ಧ ತೋಳಿನ ಅಂಗಿ ಆಗಿದೆ. ಆದರೆ ಶೀಟು ಕೇಳುವುದಂತೂ ನಿಲ್ಲುವುದಿಲ್ಲ.

ಲಾಳಿ_ಲಂಬೋದರ
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕಾನೂನು ಅವರಿಗೆ, ಎಕ್ಸೆಲ್ ನಮಗೆ.

ಕದಿರು_ಮಾಸ್ತರ್
34 ವರ್ಷ ನೂಲಿನ ಮಿಲ್ಲಿನಲ್ಲಿದ್ದೆ, ಈಗ ನಿವೃತ್ತ. ನಿಮ್ಮ ಬಯರಿಗೆ ಬ್ಲೋ ರೂಮ್ (ಮಿಲ್ಲಿನಲ್ಲಿ ಅರಳೆ ಬಿಡಿಸಿ ಬೆರೆಸುವ ಜಾಗ) ಅಂದರೆ ಏನು ಅಂತ ಗೊತ್ತಿದ್ದರೆ 47ನೇ ಕಾಲಂ ಹಾಕುತ್ತಿರಲಿಲ್ಲ. ಸ್ವಲ್ಪ ಲೆಕ್ಕ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳದೆ ಓದಿ.

ಒಂದು ಶರ್ಟಿಗೆ, ನೂಲಿನ ವೇಸ್ಟು, ಕಟಿಂಗ್ ವೇಸ್ಟು ಎಲ್ಲ ಸೇರಿ, ಅಂದಾಜು 300 ಗ್ರಾಂ ಅರಳೆ ಹಿಡಿಯಿರಿ. 18,000 ಶರ್ಟಿಗೆ 5,400 ಕೆಜಿ. ಒಂದು ಬೇಲ್ (ಒತ್ತಿ ಕಟ್ಟಿದ ಅರಳೆಯ ಮೂಟೆ) 170 ಕೆಜಿ, ಅಂದರೆ 32 ಬೇಲ್. ಒಂದು ಬೇಲ್ ಆಗಬೇಕಾದರೆ ಹೊಲದಿಂದ ಬಂದ ಹತ್ತಿ ಸುಮಾರು ಐದು ಕ್ವಿಂಟಲ್ ಬೇಕು, ಮೂರರಲ್ಲಿ ಎರಡು ಪಾಲು ಕಾಳಿಗೇ ಹೋಗುತ್ತದೆ. ಒಟ್ಟು 160 ಕ್ವಿಂಟಲ್. ಮಳೆ ನೆಚ್ಚಿದ ಹೊಲದಲ್ಲಿ ಎಕರೆಗೆ ಐದು ಕ್ವಿಂಟಲ್ ಅಂದುಕೊಂಡರೂ 32 ಎಕರೆ ಆಯ್ತು. ಎಂಟೋ ಹತ್ತೋ ರೈತರು. ಇಷ್ಟು ಕೇಳಿದರೆ ಹುಡುಕಬಹುದಲ್ಲ ಅನ್ನಿಸುತ್ತದೆ.

ಈಗ ಮಿಲ್ಲಿಗೆ ಬನ್ನಿ. 25,000 ಕದಿರಿನ ಸಾಧಾರಣ ಮಿಲ್ಲು, ಶರ್ಟಿನ 40ನೇ ನಂಬರ್ ನೂಲು ತೆಗೆಯುತ್ತಿದ್ದರೆ ದಿನಕ್ಕೆ ಐವತ್ತು ಅರವತ್ತು ಬೇಲ್ ತಿನ್ನುತ್ತದೆ. ನಿಮ್ಮ ಇಡೀ ಆರ್ಡರ್ ಅದಕ್ಕೆ ಅರ್ಧ ದಿನದ ಊಟ. ಮತ್ತು ಆ ಬೇಲ್‌ಗಳನ್ನು ಒಂದೊಂದಾಗಿ ತಿನ್ನುವುದಿಲ್ಲ. ನಲವತ್ತು ಬೇಲ್ ಸಾಲಾಗಿ ನಿಲ್ಲಿಸಿ, ಪ್ರತಿಯೊಂದರ ಮೇಲಿಂದ ಚೂರು ಚೂರು ಕಿತ್ತು ಬೆರೆಸುತ್ತೇವೆ. ಬೇಕಂತಲೇ ಬೆರೆಸುತ್ತೇವೆ! ಒಂದು ಜಿನ್ನಿನದು ಎಳೆ ಗಿಡ್ಡ, ಇನ್ನೊಂದರದು ಉದ್ದ, ಒಂದು ಹಳದಿ, ಒಂದು ಬಿಳಿ. ಬೆರೆಸದಿದ್ದರೆ ನಿಮ್ಮ ಬಟ್ಟೆಗೆ ಬಣ್ಣ ಪಟ್ಟೆ ಪಟ್ಟೆ ಬರುತ್ತದೆ. ಆಗ ಅದೇ ಬಯರ್ ಶೇಡ್ ಸರಿ ಇಲ್ಲ ಅಂತ ಮಾಲು ವಾಪಸ್ ಮಾಡುತ್ತಾನೆ.

ಬೆರೆಸುವುದು ನಮ್ಮ ಕಸುಬು. ಬೆರೆಸಿದ್ದನ್ನು ಬಿಡಿಸಿ ತೋರಿಸು ಅಂದರೆ ಸಾಂಬಾರಿನಿಂದ ಬೇಳೆ ಆರಿಸಿ ಯಾವ ಅಂಗಡಿಯದು ಅಂತ ಹೇಳಿದ ಹಾಗೆ.

ಚಿಕ್ಕಪೇಟೆ_ಥಾನು
ಮಾಸ್ತರ್, ಸಾಂಬಾರಿನ ಮಾತು ಸೂಪರ್. ಎಕ್ಸೆಲ್ಲಿಗೆ ಅದನ್ನೇ ಅಂಟಿಸಿ.

ಬೇಲ್_ಮಾರ್ಕ್
ರಾಯಚೂರಿನಿಂದ. ನಮ್ಮ ಮಾವನವರ ಜಿನ್ನು ಇದೆ. ಮಾಸ್ತರ್ ಹೇಳಿದ್ದು ಮಿಲ್ಲಿನ ಕಥೆ, ಬೆರಕೆ ಅದಕ್ಕೂ ಮುಂಚೆ ನಮ್ಮ ಅಂಗಳದಲ್ಲೇ ಶುರು ನೋಡ್ರಿ. ಸೀಸನ್ನಿನಲ್ಲಿ ಒಂದೇ ದಿನ ಹತ್ತಾರು ಊರಿನ ಗಾಡಿ ಬರುತ್ತವೆ, ತೆಲಂಗಾಣ ಕಡೆಯಿಂದಲೂ ಬರುತ್ತವೆ. ಹಸಿ ಎಷ್ಟಿದೆ ನೋಡಿ, ದರ ಕಟ್ಟಿ, ಗುಣ ನೋಡಿ ರಾಶಿಗೆ ಸುರಿಯುತ್ತೇವೆ. ರಾಶಿಗೆ ರೈತನ ಹೆಸರಿರುವುದಿಲ್ಲ. ಅರ್ಧಕ್ಕರ್ಧ ಹತ್ತಿ ಅಂಡಿಗೆ (ಮೂಟೆ) ರೈತನಿಂದ ಸೀದಾ ಬರುವುದೂ ಇಲ್ಲ. ಊರಲ್ಲೇ ಸಣ್ಣ ವ್ಯಾಪಾರಿ ಮನೆ ಮನೆಗೆ ಹೋಗಿ ಕೊಂಡು ತಂದಿರುತ್ತಾನೆ, ಅವನ ಚೀಟಿ ಅವನ ಜೇಬಿನಲ್ಲಿ.

ಆದರೆ ಪ್ರೆಸ್ ಆದ ಮೇಲೆ ಬೇಲಿಗೆ ನಂಬರ್ ಇರುತ್ತದೆ. ಲಾಟ್, ತೂಕ, ನಮ್ಮ ಮಾರ್ಕು. ಸಿಸಿಐ (ಸರ್ಕಾರದ ಹತ್ತಿ ನಿಗಮ) ಬೇಲಿಗಂತೂ ಈಗ ಕ್ಯೂಆರ್ ಬಂದಿದೆ. ಮಿಲ್ಲಿನವರು ಆ ನಂಬರ್ ಬರೆದಿಟ್ಟುಕೊಂಡಿದ್ದರೆ ಜಿನ್ನಿನವರೆಗೆ ಖಂಡಿತ ಬರಬಹುದು. ಜಿನ್ನಿನಿಂದ ಹೊಲಕ್ಕೆ ಹೋಗಬೇಕಾದರೆ, ದೇವರೇ ಗತಿ.

ಕದಿರು_ಮಾಸ್ತರ್
@ಬೇಲ್_ಮಾರ್ಕ್ ಬರೆದಿಟ್ಟುಕೊಂಡಿರುತ್ತಾರೆ. ಮಿಕ್ಸಿಂಗ್ ರಿಜಿಸ್ಟರ್ ಇಲ್ಲದ ಮಿಲ್ಲು ಮಿಲ್ಲೇ ಅಲ್ಲ. ಕೊಡುತ್ತಾರೋ ಇಲ್ಲವೋ ಬೇರೆ ಮಾತು. ಯಾವ ಜಿನ್ನಿನಿಂದ ಕೊಳ್ಳುತ್ತೇವೆ ಅನ್ನುವುದು ಮಿಲ್ಲಿಗೆ ಅಡುಗೆಮನೆ ಗುಟ್ಟು.

ಕೋಡ್_ಕಾಮತ್
ಇದಕ್ಕೆ ಇಷ್ಟೆಲ್ಲ ಒದ್ದಾಟ ಯಾಕೆ? ಬ್ಲಾಕ್‌ಚೈನ್ ಇದೆಯಲ್ಲ. ಪ್ರತಿ ಹಂತದಲ್ಲೂ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಯಾರೂ ತಿದ್ದಲು ಆಗುವುದಿಲ್ಲ. ಸರ್ಕಾರದ ಕಸ್ತೂರಿ ಕಾಟನ್ ಯೋಜನೆಯೂ ಇದೇ ತಾನೆ.

ಬೇಲ್_ಮಾರ್ಕ್
ತಿದ್ದಲು ಆಗುವುದಿಲ್ಲ ಸರಿ. ಮೊದಲೇ ಸುಳ್ಳು ಟೈಪ್ ಮಾಡಿದರೆ?

ಕೋಡ್_ಕಾಮತ್
ಅದಕ್ಕೆ ಯಾವ ಸಾಫ್ಟ್‌ವೇರ್ ಏನು ಮಾಡಲು ಆಗುತ್ತದೆ...

ಆಡಿಟ್_ಅಕ್ಕ
ಅದೇ ಪ್ರಶ್ನೆ ಕಾಮತ್ ಅವರೇ. 2020ರಲ್ಲಿ ಏನಾಯ್ತು ಕೇಳಿ. ಸಾವಯವ ಬಟ್ಟೆಗೆ ಜಗತ್ತೆಲ್ಲ ನಂಬುವ ಮುದ್ರೆ ಜಿಒಟಿಎಸ್. ಅವರೇ ತನಿಖೆ ಮಾಡಿ, ಭಾರತದಲ್ಲಿ 20,000 ಟನ್ ಹತ್ತಿಗೆ ನಕಲಿ ಸಾವಯವ ಸರ್ಟಿಫಿಕೇಟ್ ಓಡಾಡಿದೆ ಅಂತ ಹೇಳಿದರು. 11 ಕಂಪನಿಗಳಿಗೆ ನಿಷೇಧ ಹಾಕಿದರು. ಕೈಚಳಕ ಹೇಗಿತ್ತು ಗೊತ್ತಾ? ನಕಲಿ ಕಾಗದದ ಮೇಲೆ ಕ್ಯೂಆರ್ ಇತ್ತು! ಸ್ಕ್ಯಾನ್ ಮಾಡಿದರೆ ಸರ್ಕಾರಿ ವೆಬ್‌ಸೈಟ್ ಥರವೇ ಕಾಣುವ ಇನ್ನೊಂದು ನಕಲಿ ಸೈಟಿಗೆ ಹೋಗುತ್ತಿತ್ತು. ಸ್ಕ್ಯಾನ್ ಮಾಡಿದವನಿಗೆ ಹಸಿರು ಟಿಕ್ಕು ಕಾಣುತ್ತಿತ್ತು, ಸಮಾಧಾನವಾಗಿ ಸಹಿ ಹಾಕುತ್ತಿದ್ದ.

ಹತ್ತಿ ಒಂದು ದಾರಿಯಲ್ಲಿ ಹೋಗುತ್ತದೆ, ಕಾಗದ ಇನ್ನೊಂದು ದಾರಿಯಲ್ಲಿ. ಎರಡೂ ಒಂದೇ ಲಾರಿಯಲ್ಲಿ ಬಂದವು ಅಂತ ನೋಡಿದವರು ಯಾರೂ ಇಲ್ಲ. ನನ್ನ 11 ವರ್ಷದ ಅನುಭವ ಇಷ್ಟೇ.

ಡ್ಯುಸೆಲ್ಡಾರ್ಫ್_ಗೌಡ
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. 2016ರ ಟಾರ್ಗೆಟ್ ಗಲಾಟೆ ನೆನಪಿದೆಯಾ? ಈಜಿಪ್ಟಿನ ಹತ್ತಿ ಅಂತ ಮಾರಿದ ಸುಮಾರು 7.5 ಲಕ್ಷ ಬೆಡ್‌ಶೀಟು, ದಿಂಬಿನ ಕವರಿನಲ್ಲಿ ಬೇರೆ ಹತ್ತಿ ಇದೆ ಅಂತ ಅಮೆರಿಕದ ಅಂಗಡಿ ಚೈನು ಟಾರ್ಗೆಟ್ ಹೇಳಿ, ಅದನ್ನು ಮಾಡಿಕೊಟ್ಟ ನಮ್ಮ ದೇಶದ ವೆಲ್‌ಸ್ಪನ್ ಕಂಪನಿ ಜೊತೆ ವ್ಯವಹಾರ ಮುರಿದುಕೊಂಡಿತು. ಕಂಪನಿಯ ಷೇರು ದಿನಗಳಲ್ಲಿ ನೆಲಕಚ್ಚಿತು. ಆಮೇಲೆ ಅವರೇ ವೆಲ್‌ಟ್ರಾಕ್ ಅಂತ ಸ್ವಂತ ಜಾಡು ಹಿಡಿಯುವ ವ್ಯವಸ್ಥೆ ಕಟ್ಟಿದರು. ಪೆಟ್ಟು ಬಿದ್ದ ಮೇಲೆ ಎಲ್ಲರಿಗೂ ದಾರಿ ಕಾಣುತ್ತದೆ.

ಮತ್ತೆ ಈಗ ಕಾಗದ ಬಿಟ್ಟು ಹತ್ತಿಯನ್ನೇ ಕೇಳುವ ಪರೀಕ್ಷೆ ಇದೆ. ಮಣ್ಣು, ನೀರು, ಹವೆಯ ಗುರುತು ನಾರಿನಲ್ಲಿ ಉಳಿದಿರುತ್ತದೆ. ಐಸೋಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣು) ಪ್ರಮಾಣ ನೋಡಿ ಯಾವ ಸೀಮೆಯದು ಅಂತ ಅಂದಾಜು ಹೇಳುತ್ತಾರೆ. ಅಮೆರಿಕದ ಕಸ್ಟಮ್ಸ್ ಅದನ್ನೂ ಬಳಸುತ್ತದೆ.

ಕದಿರು_ಮಾಸ್ತರ್
ನಲವತ್ತು ಬೇಲ್ ಬೆರೆಸಿದ ನೂಲಿನಲ್ಲಿ ಐಸೋಟೋಪ್ ಏನು ಹೇಳುತ್ತದೆ? "ಸಾಂಬಾರು" ಅನ್ನುತ್ತದೆ.

ಹಾವೇರಿ_ಹತ್ತಿಹೊಲ
ನೀವೆಲ್ಲ ಹುಡುಕುತ್ತಿರುವ ನಾಲ್ಕನೇ ಹಂತ ನಾನೇ. ಆರು ಎಕರೆ, ಮೂರರಲ್ಲಿ ಹತ್ತಿ, ಉಳಿದದ್ದು ಗೋವಿನಜೋಳ.

ಕೆಲವು ವರ್ಷದ ಹಿಂದೆ ನಮ್ಮೂರಿಗೆ ಒಂದು ಸಂಸ್ಥೆಯವರು ಬಂದು ಸಾವಯವ ಗುಂಪು ಮಾಡಿದರು. ಹೆಸರು ಬೇಡ. ಪುಸ್ತಕ ಕೊಟ್ಟರು, ಅದರಲ್ಲಿ ಏನು ಹಾಕಿದೆ, ಯಾವತ್ತು ಹಾಕಿದೆ ಎಲ್ಲ ಬರೆಯಬೇಕು. ಬಿಟಿ ಅಲ್ಲದ ಬೀಜ ಬೇಕು. ಅದನ್ನು ಹುಡುಕಲು ಅಂಗಡಿ ಅಂಗಡಿ ಅಲೆದೆ. ಇಡೀ ದೇಶದಲ್ಲಿ ನೂರಕ್ಕೆ ತೊಂಬತ್ತರ ಮೇಲೆ ಬಿಟಿ ಆಗಿರುವಾಗ ಬೇರೆ ಬೀಜ ಯಾರು ಇಡುತ್ತಾರೆ? ಹೊಲದ ಮುಂದೆ ನಿಲ್ಲಿಸಿ ನನ್ನ ಫೋಟೋ ತೆಗೆದರು. ಮೊದಲ ಎರಡು ವರ್ಷ ಇಳುವರಿ ಬಿತ್ತು. ಮೂರನೇ ವರ್ಷಕ್ಕೆ ಹೆಚ್ಚಿನ ದರ ಬರುತ್ತದೆ ಅಂದಿದ್ದರು. ಮೂರನೇ ವರ್ಷ ಅವರೇ ಬರಲಿಲ್ಲ. ನಾನು ಎಪಿಎಂಸಿಗೆ ಹಾಕಿ ಎಲ್ಲರ ದರಕ್ಕೇ ಮಾರಿದೆ. ನನ್ನ ಫೋಟೋ ಈಗ ಯಾವ ದೇಶದ ಯಾವ ಅಂಗಿಯ ಚೀಟಿಯಲ್ಲಿ ನಗುತ್ತಿದೆಯೋ ಗೊತ್ತಿಲ್ಲ.

ಒಂದು ಕೇಳುತ್ತೇನೆ. ಅಂಗಿ ತೊಟ್ಟವನಿಗೆ ನನ್ನ ಹೊಲ ಕಾಣಬೇಕು ಅಂತೀರಿ. ಒಳ್ಳೆಯದು. ನನ್ನ ಹತ್ತಿ ಎಷ್ಟು ರೂಪಾಯಿಯ ಅಂಗಿ ಆಯ್ತು ಅಂತ ನನಗೆ ಕಾಣುವ ಒಂದು ಕಾಲಂ ಆ 61ರಲ್ಲಿ ಇದೆಯಾ?

ಗುಂಡಿ_ಕಾಜ
ಇಲ್ಲ ಸರ್. ಈಗ ಮತ್ತೆ ತೆರೆದು ನೋಡಿದೆ.

ಆಡಿಟ್_ಅಕ್ಕ
@ಹಾವೇರಿ_ಹತ್ತಿಹೊಲ ಅಣ್ಣ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆಡಿಟಿಗೆ ಹೋದಾಗ ನಾವು ಆ ಪುಸ್ತಕದ ಪುಟ ತುಂಬಿದೆಯಾ ಅಂತ ನೋಡಿದ್ದೇವೆ. ದರ ಕೊಟ್ಟರಾ ಅಂತ ಕೇಳಿದ್ದು ಕಡಿಮೆ.

ಪರಿಸರ_ಪಾರು
ನೀವು ಬರೀ ಕಾಗದದ ಮಾತು ಆಡುತ್ತಿದ್ದೀರಿ. ಒಂದು ಹತ್ತಿ ಟೀ ಶರ್ಟಿಗೆ 2,700 ಲೀಟರ್ ನೀರು ಹೋಗುತ್ತದೆ. ಇದನ್ನೆಲ್ಲ ಅಳೆಯದಿದ್ದರೆ ಸರಿಮಾಡುವುದು ಹೇಗೆ? ಬಯರ್ ಕೇಳುವುದು ತಪ್ಪಾ?

ಹಾವೇರಿ_ಹತ್ತಿಹೊಲ
ತಂಗಿ, ನಮ್ಮ ಹೊಲಕ್ಕೆ ಬೋರೂ ಇಲ್ಲ, ಕಾಲುವೆಯೂ ಇಲ್ಲ. ಮಳೆ ಬಂದರೆ ಬೆಳೆ. ಆ ನೀರು ಹತ್ತಿ ಕುಡಿಯದಿದ್ದರೆ ಹುಲ್ಲು ಕುಡಿಯುತ್ತಿತ್ತು.

ಡ್ಯುಸೆಲ್ಡಾರ್ಫ್_ಗೌಡ
ಇಬ್ಬರದೂ ಸರಿ. ಅದಕ್ಕೇ ಜಾಡು ಬೇಕಾಗಿರುವುದು. 2,700 ಅನ್ನುವುದು ಎಲ್ಲ ಕಡೆ ಓಡಾಡುವ ಸರಾಸರಿ. ಕಾಲುವೆ ನೀರಿನ ಹತ್ತಿಗೂ ಹಾವೇರಿಯ ಮಳೆ ಹತ್ತಿಗೂ ಒಂದೇ ಅಂಕಿ ಹಚ್ಚಿದರೆ ಯಾರಿಗೂ ನ್ಯಾಯವಿಲ್ಲ. ಇದೇ ತಪ್ಪಿಗೆ 2022ರಲ್ಲಿ ನಾರ್ವೆಯ ಗ್ರಾಹಕ ಪ್ರಾಧಿಕಾರ ಒಂದು ಬಟ್ಟೆ ಕಂಪನಿಯನ್ನು ಹಿಡಿಯಿತು. ಹಿಗ್ ಇಂಡೆಕ್ಸ್ ಅನ್ನುವ ಸರಾಸರಿ ಲೆಕ್ಕ ತೋರಿಸಿ "ನಮ್ಮ ಬಟ್ಟೆ ಪರಿಸರಕ್ಕೆ ಇಷ್ಟು ಒಳ್ಳೆಯದು" ಅಂತ ಜಾಹೀರಾತು ಕೊಟ್ಟಿದ್ದರು. ಅದು ಜನರ ದಾರಿ ತಪ್ಪಿಸುವುದು ಅಂತ ತೀರ್ಪು ಬಂತು. ಆ ಲೇಬಲ್ಲನ್ನೇ ನಿಲ್ಲಿಸಿದರು.

ಪರಿಸರ_ಪಾರು
ಒಪ್ಪಿದೆ. ಆದರೆ ನೀರು ಅಂದರೆ ಹೊಲದ ನೀರಷ್ಟೇ ಅಲ್ಲ. ಬಣ್ಣದ ನೀರಿನ ಮಾತು ಯಾರೂ ಎತ್ತಲಿಲ್ಲ. ತಿರುಪ್ಪೂರಿನಲ್ಲಿ ನೊಯ್ಯಲ್ ನದಿ ಹಾಳಾಗಿ, 2011ರಲ್ಲಿ ಮದ್ರಾಸ್ ಹೈಕೋರ್ಟ್ ಡೈಯಿಂಗ್ ಘಟಕಗಳನ್ನೇ ಮುಚ್ಚಿಸಿತ್ತು. ನಮ್ಮ ಬಳ್ಳಾರಿ ಜೀನ್ಸ್ ವಾಷಿಂಗ್ ನೀರು ಎಲ್ಲಿಗೆ ಹೋಗುತ್ತದೆ ಅಂತ ಬಳ್ಳಾರಿಯವರನ್ನೇ ಕೇಳಿ. ಕಾಜ ಅವರೇ, ನಿಮ್ಮ ಬಟ್ಟೆಗೆ ಬಣ್ಣ ಹಾಕಿದ್ದು ಎಲ್ಲಿ?

ಗುಂಡಿ_ಕಾಜ
ಗೊತ್ತಿಲ್ಲ ಮೇಡಂ. ಟ್ರೇಡರ್ ಬಣ್ಣ ಹಾಕಿದ್ದನ್ನೇ ಕೊಟ್ಟ. ಈಗ ಅದೂ ತಲೆನೋವು ಶುರುವಾಯ್ತು.

ಶಿಡ್ಲಘಟ್ಟ_ರೀಲರ್
ಹತ್ತಿಯವರೆಲ್ಲ ನಮ್ಮ ರೇಷ್ಮೆ ನೋಡಿ ಕಲಿಯಬೇಕು. ಗೂಡಿನ ಮಾರ್ಕೆಟಿಗೆ ಬನ್ನಿ. ರೈತ ತಂದ ಲಾಟಿಗೆ ಅಲ್ಲೇ ನಂಬರ್, ತೂಕ, ಹರಾಜಿನ ದರ, ಕೊಂಡ ರೀಲರ್ ಹೆಸರು ಎಲ್ಲ ಕಂಪ್ಯೂಟರಿನಲ್ಲಿ. ಹತ್ತಿಗೆ ಆಗದ್ದು ರೇಷ್ಮೆಗೆ ಹೇಗೆ ಆಯ್ತು?

ಬೇಲ್_ಮಾರ್ಕ್
ಮಾರ್ಕೆಟ್ ಬಿಟ್ಟ ಮೇಲೆ? ನೀವು ನೂಲು ತೆಗೆದು, ಹುರಿಯವನಿಗೆ ಕೊಟ್ಟು, ಅವನು ಚೀನಾ ರೇಷ್ಮೆ ಬೆರೆಸಿದರೆ?

ಶಿಡ್ಲಘಟ್ಟ_ರೀಲರ್
ಹೂಂ... ಅಲ್ಲಿ ತಪ್ಪುತ್ತದೆ, ಒಪ್ಪಿದೆ.

ಅಜ್ಜಿ_ಸೀರೆ_ಪೆಟ್ಟಿಗೆ
ಸಿಲ್ಕ್ ಮಾರ್ಕ್ ಇದ್ದರೆ ಸಾಕಲ್ವಾ? ನಾನು ಅದನ್ನು ನೋಡಿಯೇ ಕೊಳ್ಳುವುದು.

ಶಿಡ್ಲಘಟ್ಟ_ರೀಲರ್
ಸಿಲ್ಕ್ ಮಾರ್ಕ್ 2004ರಲ್ಲಿ ಬಂತಮ್ಮ. ಅದು ಹೇಳುವುದು "ಇದು ಅಪ್ಪಟ ರೇಷ್ಮೆ" ಅಂತ ಮಾತ್ರ. ಯಾವ ಊರಿನ ರೇಷ್ಮೆ ಅಂತ ಹೇಳುವುದಿಲ್ಲ. ಪೂರ್ತಿ ಜಾಡು ಬೇಕಾದರೆ ಕೆಎಸ್‌ಐಸಿಯ (ರಾಜ್ಯ ಸರ್ಕಾರದ ರೇಷ್ಮೆ ನಿಗಮ) ಮೈಸೂರು ಸಿಲ್ಕ್ ನೋಡಿ. ನಾಲ್ವಡಿಯವರು 1912ರಲ್ಲಿ ಶುರುಮಾಡಿದ ಕಾರ್ಖಾನೆ. ಗೂಡು ಸರ್ಕಾರಿ ಮಾರ್ಕೆಟಿನದು, ನೂಲು ತೆಗೆಯುವುದು ತಿ. ನರಸೀಪುರದಲ್ಲಿ, ನೇಯುವುದು ಮೈಸೂರಿನಲ್ಲಿ ಮತ್ತು ಚನ್ನಪಟ್ಟಣದಲ್ಲಿ, ಮಾರುವುದೂ ಅವರದೇ ಅಂಗಡಿ. ಜರಿಯಲ್ಲಿ ಬೆಳ್ಳಿ ನೂರಕ್ಕೆ 65, ಚಿನ್ನ 0.65. ಪ್ರತಿ ಸೀರೆಗೂ ಒಂದು ನಂಬರ್.

ಅಜ್ಜಿ_ಸೀರೆ_ಪೆಟ್ಟಿಗೆ
ಅಯ್ಯೋ ಹೌದು, ನಮ್ಮತ್ತೆ ಸೀರೆ ಅಂಚಿನಲ್ಲಿ ನಂಬರ್ ಇದೆ! ನಾನು ಅದನ್ನು ಡ್ರೈಕ್ಲೀನಿಂಗ್‌ನವನ ಗುರುತು ಅಂದುಕೊಂಡಿದ್ದೆ.

ಲಾಳಿ_ಲಂಬೋದರ
ಅಲ್ಲೇ ಇದೆ ಗುಟ್ಟು. ಗೂಡಿನಿಂದ ಅಂಗಡಿಯವರೆಗೆ ಒಬ್ಬರದೇ ಕೈ ಇದ್ದರೆ ಜಾಡು ತಾನಾಗಿ ಸಿಗುತ್ತದೆ. ಹತ್ತು ಕೈ ಬದಲಾದರೆ ಹತ್ತು ಸುಳ್ಳು. ನಮ್ಮ ಇಳಕಲ್ ಸೀರೆಗೆ ಜಿಐ ಟ್ಯಾಗ್ (ಊರಿನ ಹೆಸರಿಗೆ ಕಾನೂನಿನ ರಕ್ಷಣೆ) ಇದೆ, ಆದರೂ ಪವರ್‌ಲೂಮ್ ಸೀರೆ ಅದೇ ಹೆಸರಲ್ಲಿ ಕಾಲು ದರಕ್ಕೆ ಮಾರಾಟವಾಗುತ್ತದೆ. ಕೈಮಗ್ಗದ್ದು ಅಂತ ಗುರುತಿಸಬೇಕಾದರೆ ಸೆರಗಿನ ಟೋಪಿ ತೆನಿ ಜೋಡಣೆ ನೋಡಿ. ಮೈಯ ಹಾಸಿಗೂ ಸೆರಗಿನ ಹಾಸಿಗೂ ಒಂದೊಂದೇ ಎಳೆ ಸಿಕ್ಕಿಸಿ ಕೂಡಿಸುತ್ತೇವೆ. ಅದಕ್ಕೆ ಕ್ಯೂಆರ್ ಬೇಡ, ಕಣ್ಣು ಬೇಕು.

ಬಾವುಟ_ಬೆಂಗೇರಿ
ಜಾಡಿನ ಮಾತು ಬಂತು ಅಂದಮೇಲೆ ನಮ್ಮ ಹುಬ್ಬಳ್ಳಿ ಬೆಂಗೇರಿ ಬಿಡಲಾಗುತ್ತದಾ? ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಪ್ರಮಾಣದ ಖಾದಿ ರಾಷ್ಟ್ರಧ್ವಜ ಅಲ್ಲಿಯದು. ಬಟ್ಟೆ ಬಾಗಲಕೋಟೆಯ ತುಳಸಿಗೇರಿ ಕಡೆಯಿಂದ ಬರುತ್ತದೆ. ನೂಲು, ನೇಯ್ಗೆ, ಬಣ್ಣ, ಹೊಲಿಗೆ ಪ್ರತಿ ಹಂತದಲ್ಲೂ ಪರೀಕ್ಷೆ. ಫೇಲ್ ಆದರೆ ಇಡೀ ಲಾಟ್ ವಾಪಸ್. ಇಷ್ಟು ಕಟ್ಟುನಿಟ್ಟು ಇಟ್ಟುಕೊಂಡು ಬದುಕುತ್ತಿದ್ದವರಿಗೆ 2021ರ ಕೊನೆಗೆ ಏನು ಮಾಡಿದರು? ಮಷೀನಿನ ಪಾಲಿಯೆಸ್ಟರ್ ಬಾವುಟವೂ ನಡೆಯುತ್ತದೆ ಅಂತ ನಿಯಮ ತಿದ್ದಿದರು. ಜಾಡು ಇದ್ದವರು ಮೂಲೆಗೆ, ಜಾಡಿಲ್ಲದ್ದು ಮನೆ ಮನೆಗೆ.

ಕೋಡ್_ಕಾಮತ್
ಅದರಿಂದ ಎಲ್ಲರಿಗೂ ಬಾವುಟ ಕೈಗೆಟುಕಿತಲ್ಲ, ಅದು ತಪ್ಪಾ?

ಬಾವುಟ_ಬೆಂಗೇರಿ
ಆಗಸ್ಟ್ 16ಕ್ಕೆ ಚರಂಡಿ ನೋಡಿ, ಆಮೇಲೆ ಮಾತಾಡೋಣ.

ಕಟ್ಟೆ_ಕಾವಲುಗಾರ (ನಿರ್ವಾಹಕ)
ಬಾವುಟ ಮತ್ತು ಸೀರೆಗೆ ಬೇರೆ ಚರ್ಚೆ ತೆರೆಯಿರಿ. ಇಲ್ಲಿ ಒಬ್ಬರಿಗೆ 15 ದಿನದ ಗಡುವಿದೆ.

ಲೈನ್_ನಂಬರ್_7
ನನ್ನಮ್ಮ 19 ವರ್ಷ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿದರು. ಇಡೀ ಚರ್ಚೆಯಲ್ಲಿ ಹತ್ತಿ ಎಲ್ಲಿಯದು, ನೀರು ಎಲ್ಲಿಯದು, ಜರಿಯಲ್ಲಿ ಚಿನ್ನ ಎಷ್ಟು ಎಲ್ಲ ಬಂತು. ಹೊಲಿದವರ ಮಾತು ಎಲ್ಲಿ? ಒಂದನೇ ಹಂತ ಗೊತ್ತಿರುವುದೇ ತಾನೆ ಅಂತ ಬಿಟ್ಟುಬಿಟ್ಟಿರಾ?

2020ರ ಏಪ್ರಿಲ್‌ನಿಂದ ಏರಬೇಕಿದ್ದ ತುಟ್ಟಿಭತ್ಯೆಯನ್ನು ರಾಜ್ಯದ ಬಹಳಷ್ಟು ಗಾರ್ಮೆಂಟ್ಸ್‌ನವರು ಕೊಡಲೇ ಇಲ್ಲ. ತಿಂಗಳಿಗೆ ನಾನೂರು ಚಿಲ್ಲರೆ ರೂಪಾಯಿ. ಹೈಕೋರ್ಟ್ ಹೇಳಿದ ಮೇಲೂ ಎಳೆದಾಡಿದರು. ಅಮ್ಮನ ಫ್ಯಾಕ್ಟರಿಗೆ ಬರುತ್ತಿದ್ದ ಆಡಿಟ್‌ನವರು ಬೆಂಕಿ ಆರಿಸುವ ಸಿಲಿಂಡರ್ ನೋಡುತ್ತಿದ್ದರು, ಟಾಯ್ಲೆಟ್ ನೋಡುತ್ತಿದ್ದರು, ಅವತ್ತು ಮಾತ್ರ ಸೋಪು ಇರುತ್ತಿತ್ತು. ಸಂಬಳದ ಚೀಟಿ ಕಣ್ಣ ಮುಂದೆ ಇತ್ತು, ಯಾರಿಗೂ ಕಾಣಲಿಲ್ಲ. ಹೊಲದ ಜಿಪಿಎಸ್ ಬೇಕಂತೆ!

ಆಡಿಟ್_ಅಕ್ಕ
ಸೋಪಿನ ಮಾತು ನಿಜ. ತಲೆ ತಗ್ಗಿಸಿ ಒಪ್ಪುತ್ತೇನೆ.

ಡ್ಯುಸೆಲ್ಡಾರ್ಫ್_ಗೌಡ
ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಆ ತುಟ್ಟಿಭತ್ಯೆ 2022ರಲ್ಲಿ ಬಾಕಿ ಸಮೇತ ಬರಲು ಶುರುವಾಗಿದ್ದು ಹೇಗೆ? ಕಾರ್ಮಿಕ ಸಂಘದವರು, ಹೊರಗಿನ ಸಂಸ್ಥೆಗಳು ಯಾವ ಫ್ಯಾಕ್ಟರಿಯಲ್ಲಿ ಯಾವ ಬ್ರಾಂಡ್ ಹೊಲಿಯುತ್ತಾರೆ ಅಂತ ಪಟ್ಟಿ ಹಿಡಿದು ಬ್ರಾಂಡ್‌ಗಳ ಬಾಗಿಲು ತಟ್ಟಿದ್ದರಿಂದ. ಆ ಪಟ್ಟಿ ಮೊದಲು ಗುಟ್ಟಾಗಿತ್ತು. 2005ರಲ್ಲಿ ನೈಕಿ, ಲೀವೈಸ್ ಪ್ರಕಟಿಸಿದ ಮೇಲೆ ಉಳಿದವರು ನಿಧಾನವಾಗಿ ಬಿಚ್ಚಿದರು. ಬಾಂಗ್ಲಾದ ರಾನಾ ಪ್ಲಾಜಾ ಕಟ್ಟಡ 2013ರ ಏಪ್ರಿಲ್ 24ರಂದು ಕುಸಿದು 1,100ಕ್ಕೂ ಹೆಚ್ಚು ಜನ ಸತ್ತಾಗ, ಅಲ್ಲಿ ಯಾರ ಬಟ್ಟೆ ಹೊಲಿಯುತ್ತಿದ್ದರು ಅಂತ ಅವಶೇಷದಿಂದ ಲೇಬಲ್ ಹೆಕ್ಕಿ ತೆಗೆದು ಕಂಡುಹಿಡಿಯಬೇಕಾಯ್ತು. ಜಾಡು ಇಲ್ಲದಿದ್ದರೆ ಜಗಳಾಡಲೂ ವಿಳಾಸ ಇರುವುದಿಲ್ಲ.

ಲೈನ್_ನಂಬರ್_7
ಪಟ್ಟಿ ಇರಲಿ, ನಾನು ಬೇಡ ಅಂದೆನಾ? 2016ರ ಏಪ್ರಿಲ್‌ನಲ್ಲಿ, ಪಿಎಫ್ ಹಣ ತೆಗೆಯಲು ಮಿತಿ ಹಾಕಿದ ನಿಯಮದ ವಿರುದ್ಧ ಅಮ್ಮನೂ ರಸ್ತೆಗೆ ಇಳಿದಿದ್ದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಹಿಂದೆ ಸರಿಯಿತು. ಅವರಿಗೆ ಎಕ್ಸೆಲ್ ಬೇಕಾಗಲಿಲ್ಲ ಅಂತ ಹೇಳಿದೆ ಅಷ್ಟೇ.

ಆಡಿಟ್_ಅಕ್ಕ
ಕಾಜ ಅವರೇ, ಕೆಲಸದ ಮಾತಿಗೆ ಬರುತ್ತೇನೆ. ಹೊಲದಿಂದ ಮುಂದಕ್ಕೆ ಬರಬೇಡಿ, ನಿಮ್ಮ ಕಟಿಂಗ್ ಟೇಬಲ್ಲಿನಿಂದ ಹಿಂದಕ್ಕೆ ಹೋಗಿ. ಯಾವ ರೋಲು ಯಾವ ಶರ್ಟಾಯ್ತು ಅಂತ ನಿಮ್ಮ ಹತ್ತಿರವೇ ಇದೆಯಾ ನೋಡಿ. ಅರ್ಧ ಜನ ಅಲ್ಲೇ ಬೀಳುತ್ತಾರೆ, ಬೈಯುವುದು ಮಾತ್ರ ಹೊಲವನ್ನು. ರೋಲಿನ ಬಿಲ್ಲು ಹಿಡಿದು ಟ್ರೇಡರ್‌ಗೆ ಹೋಗಿ ಮಿಲ್ಲಿನ ಹೆಸರು, ನೂಲಿನ ಲಾಟ್ ನಂಬರ್ ಕೇಳಿ. ಮುಂದಿನ ಆರ್ಡರ್ ಇದರ ಮೇಲೆ ನಿಂತಿದೆ ಅಂತ ಸ್ಪಷ್ಟವಾಗಿ ಹೇಳಿ. ಲಾಟ್ ಸಿಕ್ಕರೆ ಮಾಸ್ತರ್ ಹೇಳಿದ ಮಿಕ್ಸಿಂಗ್ ಪಟ್ಟಿ, ಅದರಿಂದ ಜಿನ್ನಿನ ಹೆಸರು. ಅಲ್ಲಿಗೆ ನಿಲ್ಲಿಸಿ. 47ನೇ ಕಾಲಂನಲ್ಲಿ "ಜಿನ್ನಿನ ಆಚೆ ಗೊತ್ತಿಲ್ಲ, ರೈತರ ಹತ್ತಿ ಅಲ್ಲಿ ಬೆರೆಯುತ್ತದೆ" ಅಂತ ಬರೆಯಿರಿ. ಗೂಗಲ್ ಮ್ಯಾಪಿನಲ್ಲಿ ಯಾವುದೋ ಹೊಲದ ಮೇಲೆ ಬೆರಳಿಟ್ಟು ನಂಬರ್ ಹಾಕಬೇಡಿ. ಆ 85,000ದ ಕನ್ಸಲ್ಟೆಂಟ್ ಮಾಡುವುದು ಅದನ್ನೇ.

ಮತ್ತೆ ತೂಕ ನೋಡಿಕೊಳ್ಳಿ. ನೂಲಿನ ಬಿಲ್ಲು ನಾಲ್ಕು ಟನ್ ಇದ್ದು ಬಟ್ಟೆ ಆರು ಟನ್ ಬಂದಿದ್ದರೆ ಯಾವ ಮುದ್ರೆಯೂ ಕಾಪಾಡುವುದಿಲ್ಲ.

ಚಿಕ್ಕಪೇಟೆ_ಥಾನು
ಬೆಟರ್ ಕಾಟನ್ (ಒಳ್ಳೆಯ ರೀತಿಯಲ್ಲಿ ಬೆಳೆದ ಹತ್ತಿ ಅನ್ನುವ ಮುದ್ರೆ) ಅಂತ ಬರೆದುಬಿಟ್ಟರೆ?

ಆಡಿಟ್_ಅಕ್ಕ
ಆಗುವುದಿಲ್ಲ. ಅವರ ಹಳೆಯ ಪದ್ಧತಿ ತೂಕದ ಲೆಕ್ಕದ್ದು. ಮಿಲ್ಲು ಹತ್ತು ಟನ್ ಒಳ್ಳೆಯ ಹತ್ತಿ ಕೊಂಡರೆ ಹತ್ತು ಟನ್ ಲೆಕ್ಕ ಮಾರಬಹುದು, ಅದೇ ಹತ್ತಿ ಅದೇ ಬಟ್ಟೆಯಲ್ಲಿ ಇರಬೇಕು ಅಂತಿಲ್ಲ. ಜಾಡು ಇರುವ ಬೆಟರ್ ಕಾಟನ್ ಶುರುವಾಗಿದ್ದು 2023ರ ನವೆಂಬರ್‌ನಲ್ಲಿ, ಅದಕ್ಕೆ ಬೇರೆ ಕಾಗದ.

ಗುಂಡಿ_ಕಾಜ (11 ದಿನದ ನಂತರ)
ಎಲ್ಲರಿಗೂ ನಮಸ್ಕಾರ. ಅಕ್ಕ ಹೇಳಿದ ಹಾಗೆ ಕಟಿಂಗ್ ಟೇಬಲ್ಲಿನಿಂದ ಶುರು ಮಾಡಿದೆ. ನಾಚಿಕೆಯ ವಿಷಯ, ಮೊದಲ ಮೂರು ದಿನ ನಮ್ಮ ಲೇ ಶೀಟ್ (ಯಾವ ರೋಲು ಹಾಸಿ ಕತ್ತರಿಸಿದೆವು ಅನ್ನುವ ಪಟ್ಟಿ) ಹುಡುಕುವುದರಲ್ಲೇ ಹೋಯ್ತು. ಟ್ರೇಡರ್ ಮೊದಲು ಫೋನ್ ಎತ್ತಲಿಲ್ಲ, ಆಮೇಲೆ ಮುಂದಿನ ಆರ್ಡರ್ ಹೆಸರು ಹೇಳಿದ ಮೇಲೆ ಮಿಲ್ಲಿನ ಬಿಲ್ಲು ಕಳಿಸಿದ, ದರದ ಮೇಲೆ ಕಪ್ಪು ಮಸಿ ಬಳಿದು. ಮಿಲ್ಲಿನವರು ಒಳ್ಳೆಯವರು, ಮಿಕ್ಸಿಂಗ್ ಪಟ್ಟಿ ಕೊಟ್ಟರು. 42 ಬೇಲ್, ನಾಲ್ಕು ಜಿನ್ನು, ಮೂರು ರಾಜ್ಯ. ಬಣ್ಣ ಹಾಕಿದ ಘಟಕದ ನೀರಿನ ಪರವಾನಗಿ ಕೂಡ ಸಿಕ್ಕಿತು, ಪಾರು ಮೇಡಂಗೆ ಥ್ಯಾಂಕ್ಸ್. 47ನೇ ಕಾಲಂನಲ್ಲಿ ಗೊತ್ತಿಲ್ಲ ಅಂತಲೇ ಬರೆದೆ.

ನಿನ್ನೆ ಬಯರಿಂದ ಎರಡು ಮೇಲ್ ಬಂತು. ಒಂದರಲ್ಲಿ, ಜಿನ್ನಿನ ಹೆಸರಿನ ಸ್ಪೆಲ್ಲಿಂಗ್ ಬೇಲ್ ಪಟ್ಟಿಯಲ್ಲಿ ಒಂದು ಥರ, ಬಿಲ್ಲಿನಲ್ಲಿ ಇನ್ನೊಂದು ಥರ ಇದೆ, ಸರಿಮಾಡಿಸಿ ಅಂತ. ಇನ್ನೊಂದು ಅವರ ಪರ್ಚೇಸ್ ವಿಭಾಗದಿಂದ, ಮುಂದಿನ ಸೀಸನ್ನಿಗೆ ಶರ್ಟಿಗೆ ಎಂಟು ಸೆಂಟ್ ಕಡಿಮೆ ಮಾಡಬಹುದಾ ಅಂತ.

ಲಾಳಿ_ಲಂಬೋದರ
ಎರಡೂ ಮೇಲ್ ಒಂದೇ ಆಫೀಸಿನಿಂದಲಾ?

ಗುಂಡಿ_ಕಾಜ
ಒಂದೇ ಆಫೀಸು, 20 ನಿಮಿಷದ ಅಂತರ.

ಡ್ಯುಸೆಲ್ಡಾರ್ಫ್_ಗೌಡ
ನಮ್ಮಲ್ಲೂ ಹಾಗೇ. ಸಸ್ಟೇನಬಿಲಿಟಿಯವರು ಮೂರನೇ ಮಹಡಿ, ಪರ್ಚೇಸ್‌ನವರು ಎರಡನೇ ಮಹಡಿ. ಊಟಕ್ಕೂ ಒಟ್ಟಿಗೆ ಕೂರುವುದಿಲ್ಲ. ಮೊದಲ ಮೇಲಿನ ಉತ್ತರದಲ್ಲಿ ಎರಡನೆಯವರನ್ನೂ ಸೇರಿಸಿ, ಈ ದಾಖಲೆ ಮಾಡಲು ಎಷ್ಟು ಜನದ ಎಷ್ಟು ದಿನ ಹೋಯ್ತು ಅಂತ ಲೆಕ್ಕ ಹಾಕಿ ಕಳಿಸಿ. ಕೆಲವೊಮ್ಮೆ ಕೆಲಸ ಮಾಡುತ್ತದೆ.

ಬೇಲ್_ಮಾರ್ಕ್
ಸ್ಪೆಲ್ಲಿಂಗ್ ತಪ್ಪಿದ ಜಿನ್ನು ಯಾವುದು ರಾಯರೇ? ನಮ್ಮ ಕಡೆಯದಾದರೆ ನಾಳೆಯೇ ಹೋಗಿ ಲೆಟರ್‌ಹೆಡ್ ಮೇಲೆ ಬರೆಸಿ ಕಳಿಸುತ್ತೇನೆ. ಪ್ರೈವೇಟ್ ಮೆಸೇಜ್ ಹಾಕಿ.

ಹಾವೇರಿ_ಹತ್ತಿಹೊಲ
ನಾಲ್ಕರಲ್ಲಿ ಹಾವೇರಿ ಜಿನ್ನು ಇದ್ದರೆ ನನಗೂ ಹೇಳಿ.